ವಸತಿಗೃಹದ ಮೇಲಣ ರೇಡಿಯೋ ಗೋಪುರ

ನಮ್ಮ ಶಾಲೆಯ ವಸತಿಗೃಹದ ಮೇಲ್ಮಾಳಿಗೆಯಲ್ಲಿ ನಿಂತಿರುವ ರೇಡಿಯೋ ಗೋಪುರವನ್ನು ಅರಿಯದ ವಿದ್ಯಾರ್ಥಿನಿಯು ಈಚಿನ ಕಾಲದಲ್ಲಿ ಯಾರೂ ಇರಲಾರಳು. ರಜೆ ಮುಗಿಸಿಕೊಂಡು ಬಸ್ಸಿನಲ್ಲಿ ಮರಳಿ ಬರುವಾಗ ತೆಂಗಿನ ತೋಟಗಳ ಮೇಲ್ಗಡೆ ಕೆಂಪು ಬಿಳಿ ಪಟ್ಟಿಗಳ ಆ ಕಬ್ಬಿಣದ ಕಂಬವು ಕಣ್ಣಿಗೆ ಬಿದ್ದೊಡನೆ ನಮ್ಮಲ್ಲಿ ಕೆಲವರು ಅತ್ತುದುಂಟು, ಕೆಲವರು ನಕ್ಕುದುಂಟು. ರಾತ್ರಿಯಲ್ಲಿ ಅದರ ತುದಿಯ ಕೆಂಪು ದೀಪವನ್ನು ನೋಡುತ್ತ ನಿದ್ದೆಹೋದವರು ಇಂದು ತಾಯಂದಿರಾಗಿ ತಮ್ಮ ಹೆಣ್ಣುಮಕ್ಕಳನ್ನು ಅದೇ ಮಂಚಗಳಿಗೆ ಕಳುಹಿಸಿರುವರು. ಆದುದರಿಂದ ಈ ಗೋಪುರವನ್ನು ಇಳಿಸಲೇಬೇಕೆಂದು ನಾವು ಬರೆಯತೊಡಗಿರುವುದು ಅದರ ಮೇಲಣ ದ್ವೇಷದಿಂದಲ್ಲವೆಂದು ಮೊದಲೇ ಅರಿಕೆಮಾಡಿಕೊಳ್ಳುತ್ತೇವೆ.

2021ನೆಯ ಇಸವಿ ಮೇ ತಿಂಗಳ ಮಧ್ಯದಲ್ಲಿ ನಮ್ಮ ಕರಾವಳಿಯ ಮಗ್ಗುಲಲ್ಲೇ ಹಾದು ಗುಜರಾತಿನ ಕಡೆಗೆ ಹೋದ ತೌಕ್ತೆ ಚಂಡಮಾರುತವನ್ನು ವಾಚಕರು ಮರೆತಿರಲಾರರು. ಆ ಹೆಸರನ್ನು ಮ್ಯಾನ್ಮಾರ್ ದೇಶದವರು ಕೊಟ್ಟರೆಂದೂ, ಅದು ಒಂದು ಬಗೆಯ ಹಲ್ಲಿಯ ಹೆಸರೆಂದೂ ಪತ್ರಿಕೆಗಳಲ್ಲಿ ಓದಿದೆವು. ಹಲ್ಲಿಯು ಲೊಚಗುಟ್ಟಿದರೆ ಶಕುನ ನೋಡುವ ನಮ್ಮ ಅಜ್ಜಿಯಂದಿರು ಇದನ್ನು ಕೇಳಿದ್ದರೆ ಏನೆನ್ನುತ್ತಿದ್ದರೋ! ಆ ಬಿರುಗಾಳಿಯಲ್ಲಿ ಗೋಪುರದ ಮೇಲ್ಭಾಗವು ಪೂರ್ವಕ್ಕೆ ಬಾಗಿತು. ಅದನ್ನು ಮೂರು ದಿಕ್ಕಿನಿಂದ ಹಿಡಿದಿದ್ದ ಬಿಗಿತಂತಿಗಳಲ್ಲಿ ಒಂದು ಹರಿಯಿತು. ಬುಡದ ತಗಡು ಒಂದು ಅಂಚಿನಲ್ಲಿ ಮೇಲೆದ್ದಿತು. ಅದು ರಜೆಯ ತಿಂಗಳು. ಸಾಲದುದಕ್ಕೆ ಕೊರೋನ ರೋಗದ ದೆಸೆಯಿಂದ ಶಾಲೆಗಳೇ ಮುಚ್ಚಿದ್ದ ಕಾಲ. ವಸತಿಗೃಹದಲ್ಲಿ ಒಂದು ಮಗುವೂ ಇರಲಿಲ್ಲ. ಯಾರಿಗೂ ಅಪಾಯವಾಗಲಿಲ್ಲವೆಂಬ ಈ ಸಂಗತಿಯೇ ನಮ್ಮ ಉದಾಸೀನತೆಗೆ ಕಾರಣವಾಯಿತೆಂದು ಈಗ ತೋರುತ್ತದೆ. ಹರಿದ ತಂತಿಯ ಸ್ಥಾನದಲ್ಲಿ ಒಂದು ಹಗ್ಗವನ್ನು ಕಟ್ಟಿಸಿ, ಮಳೆಗಾಲ ಕಳೆದ ಮೇಲೆ ನೋಡಿಕೊಳ್ಳೋಣವೆಂದೆವು. ಮಳೆಗಾಲಗಳು ಒಂದರ ಹಿಂದೆ ಒಂದು ಕಳೆದವು. ಹಗ್ಗವನ್ನು ಮಾತ್ರ ಎರಡು ಸಲ ಬದಲಿಸಿದ್ದೇವೆ.

ಗೋಪುರವನ್ನು ನಿಲ್ಲಿಸಿದ ಕಂಪೆನಿಯು ತನ್ನ ವ್ಯಾಪಾರವನ್ನು ಮುಚ್ಚಿಕೊಂಡು ಹೋಗಿದೆ. ಶಾಲೆಯವರು ಬರೆದ ಕಾಗದಗಳಿಗೆ ಉತ್ತರವಿಲ್ಲ, ಬಾಡಿಗೆಯೂ ಇಲ್ಲ. ಹೀಗೆ ಒಡೆಯನಿಲ್ಲದ ಕಬ್ಬಿಣವು ನಮ್ಮ ಮಕ್ಕಳ ತಲೆಯ ಮೇಲೆ ಉಳಿದಿದೆ.

ಹಾನಿಯು ಎಷ್ಟರದೆಂಬುದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗಿದೆ. ಯಾಕಂದರೆ "ಇಷ್ಟು ವರ್ಷ ನಿಂತಿದೆಯಲ್ಲ, ಇನ್ನೂ ನಿಂತೀತು" ಎಂಬ ಮಾತು ತಿಳಿದವರ ಬಾಯಿಂದಲೂ ಬರುತ್ತಿದೆ. ಬಿಗಿತಂತಿಗಳ ಗೋಪುರವು ತನ್ನ ಬಲದಿಂದ ನಿಲ್ಲುವುದಲ್ಲ. ತಂತಿಗಳು ಅದನ್ನು ಎಲ್ಲ ಕಡೆಯಿಂದಲೂ ಕೆಳಕ್ಕೆ ಜಗ್ಗುತ್ತಿರುತ್ತವೆ. ಆ ಜಗ್ಗಾಟವನ್ನೆಲ್ಲ ಗೋಪುರದ ಕಾಲುಗಳು ತಾಳಿಕೊಳ್ಳುತ್ತವೆ. ಕಾಲು ನೆಟ್ಟಗಿರುವ ತನಕ ಬಹು ಭಾರವನ್ನು ತಾಳುವುದು; ಒಮ್ಮೆ ಬಾಗಿತೆಂದರೆ ಅದೇ ಭಾರವು ಅದನ್ನು ಇನ್ನಷ್ಟು ಬಾಗಿಸುತ್ತ ಹೋಗುವುದು. ಗಾಳಿಯ ಲೆಕ್ಕವೂ ನಾವು ಎಣಿಸುವಂಥಾದ್ದಲ್ಲ. ಗಾಳಿಯ ವೇಗವು ಇಮ್ಮಡಿಯಾದರೆ ಅದರ ನೂಕು ನಾಲ್ಮಡಿಯಾಗುತ್ತದೆ. ವೇಗವು ಮುಮ್ಮಡಿಯಾದರೆ ನೂಕು ಒಂಬತ್ತು ಮಡಿ. ಆದಕಾರಣ ಹತ್ತು ಸಾಧಾರಣ ಮಳೆಗಾಲಗಳನ್ನು ಗೋಪುರವು ತಾಳಿತೆಂಬುದು ಒಂದು ಬಿರುಗಾಳಿಯನ್ನು ತಾಳುವುದೆಂಬುದಕ್ಕೆ ಸಾಕ್ಷಿಯಲ್ಲ. ಬುಡದ ಮೊಳೆಗಳ ಸಂದಿನಿಂದ ಮಳೆನೀರು ಚಾವಣಿಗೆ ಇಳಿಯುತ್ತಿದೆ. ಕಾಂಕ್ರೀಟಿನೊಳಗಣ ಕಬ್ಬಿಣದ ಸರಳುಗಳಿಗೆ ಉಪ್ಪುಗಾಳಿಯೂ ನೀರೂ ತಗಲಿ ತುಕ್ಕು ಹಿಡಿದರೆ, ಆ ತುಕ್ಕು ಮೂಲ ಕಬ್ಬಿಣಕ್ಕಿಂತ ಹೆಚ್ಚು ಸ್ಥಳವನ್ನು ಬೇಡಿ ಕಾಂಕ್ರೀಟನ್ನು ಒಳಗಿನಿಂದಲೇ ಸೀಳುತ್ತದೆ. ಮೂರನೆಯ ಕೊಠಡಿಯ ಮಾಳಿಗೆಯಲ್ಲಿ ಕಂದು ಬಣ್ಣದ ಗೆರೆಯೊಂದು ಮೂಡಿದೆ. ಅದು ಬಣ್ಣ ಬಳಿದರೆ ಹೋಗುವ ಗೆರೆಯಲ್ಲ. ಗೋಪುರವು ಬಾಗಿರುವುದು ಪೂರ್ವಕ್ಕೆ. ಪೂರ್ವದಲ್ಲಿರುವುದು ಹಂಚಿನ ಮಾಡಿನ ಹಳೆಯ ಶಾಲಾಮಂದಿರ. ಹಂಚು ಮಳೆಯನ್ನು ತಡೆಯುವುದಲ್ಲದೆ ಕಬ್ಬಿಣವನ್ನು ತಡೆಯದು.

ಬಾಗಿದುದನ್ನು ನೆಟ್ಟಗೆ ಮಾಡಿಸಬಹುದಲ್ಲವೇ ಎಂದು ಕೆಲವರು ಕೇಳಿರುವರು. ಬಾಗಿದ ಕಬ್ಬಿಣವನ್ನು ತಿರುಗಿ ನೆಟ್ಟಗೆ ಮಾಡಿದರೂ ಅದು ಮೊದಲಿನ ಕಬ್ಬಿಣವಾಗುವುದಿಲ್ಲ; ಮೇಲಣ ಸತುವಿನ ಲೇಪವು ಬಿರಿದು, ಅದೇ ಬಿರುಕಿನಲ್ಲಿ ತುಕ್ಕು ಮನೆಮಾಡುವುದು. ಅಲ್ಲದೆ ಈಗ ಆ ಗೋಪುರದಿಂದ ನಡೆಯುವ ಕೆಲಸವಾದರೂ ಯಾವುದು?

ಇಳಿಸುವುದಾದರೆ ಹೇಗೆ ಎಂಬುದೇ ಈಗಿನ ನಿಜವಾದ ಪ್ರಶ್ನೆ. ನಮ್ಮ ಭಯವಿರುವುದೂ ಇಲ್ಲಿಯೇ. ಗುಜರಿ ವ್ಯಾಪಾರಿಯೊಬ್ಬನು ಮುಂದೆ ಬಂದು, ಕಬ್ಬಿಣವನ್ನು ತನಗೆ ಬಿಟ್ಟುಕೊಟ್ಟರೆ ಒಂದು ಕಾಸಿಲ್ಲದೆ ಒಂದೇ ದಿನದಲ್ಲಿ ಗೋಪುರವನ್ನು ತೆಗೆದುಕೊಂಡು ಹೋಗುವೆನೆಂದು ಹೇಳಿರುವನು. ಸಮಿತಿಯವರಲ್ಲಿ ಹಲವರಿಗೆ ಈ ಮಾತು ಹಿಡಿಸಿದೆ. ಹಿಡಿಸುವುದು ಸಹಜವೇ, ಶಾಲೆಯ ಬೊಕ್ಕಸದ ಸ್ಥಿತಿ ನಮಗೆ ತಿಳಿಯದುದಲ್ಲ. ಆದರೆ ಅವನ ಕ್ರಮವನ್ನು ಕೇಳಿನೋಡಿರಿ. ಇಬ್ಬರು ಹುಡುಗರು ಗೋಪುರವನ್ನೇರಿ ಹಗ್ಗ ಕಟ್ಟುವರಂತೆ, ಬಿಗಿತಂತಿಗಳನ್ನು ಕತ್ತರಿಸುವರಂತೆ, ಕೆಳಗಿನಿಂದ ಲಾರಿಯು ಜಗ್ಗುವುದಂತೆ. ಪೋಲೆಂಡ್ ದೇಶದಲ್ಲಿ 646 ಮೀಟರು ಎತ್ತರದ ರೇಡಿಯೋ ಸ್ತಂಭವೊಂದು, ಆ ಕಾಲಕ್ಕೆ ಲೋಕದಲ್ಲೇ ಅತ್ಯುನ್ನತವಾದದ್ದು, 1991ನೆಯ ಆಗಸ್ಟ್ 8ರಂದು ನೆಲಕ್ಕುರುಳಿತು. ಅದನ್ನು ಕೆಡಹಿದ್ದು ಶತ್ರುವಲ್ಲ. ನುರಿತ ಕೆಲಸಗಾರರು ಹಳೆಯ ಬಿಗಿತಂತಿಗಳನ್ನು ಬದಲಿಸುತ್ತಿದ್ದಾಗಲೇ ಬಿದ್ದಿತು. ಬಯಲಿನಲ್ಲಿದ್ದ ಅಷ್ಟು ದೊಡ್ಡ ಸ್ತಂಭದ ತಂತಿಯನ್ನು ಮುಟ್ಟುವಾಗಲೇ ಹೀಗಾದರೆ, ಮನೆಯ ಮೇಲಿರುವ ಬಾಗಿದ ಗೋಪುರದ ತಂತಿಯನ್ನು ಕತ್ತರಿಸಿ ಲಾರಿಯಿಂದ ಎಳೆಯುವೆನೆಂಬ ಮಾತಿಗೆ ಏನೆನ್ನೋಣ? ಆ ಗೋಪುರವನ್ನೇರುವ ಹುಡುಗರು ಯಾರ ಮಕ್ಕಳೋ ನಾವರಿಯೆವು. ನಮ್ಮ ಮಕ್ಕಳ ವಯಸ್ಸಿನವರೇ ಇರಬಹುದು. ಖರ್ಚಿಲ್ಲದ ಕೆಲಸವೆಂದರೆ ಅದರ ಖರ್ಚನ್ನು ಅವರು ಕೊಡುವರೆಂದೇ ಅರ್ಥವಾಗುತ್ತದೆ. ಹೆಣ್ಣುಮಕ್ಕಳ ಕ್ಷೇಮಕ್ಕಾಗಿ ಕೈಗೊಂಡ ಕೆಲಸದಲ್ಲಿ ಮತ್ತೊಬ್ಬರ ಮಗನನ್ನು ಪಣಕ್ಕಿಡುವುದು ಈ ಶಾಲೆಗೆ ತಕ್ಕುದಲ್ಲವೆಂಬುದು ನಮ್ಮ ಖಂಡಿತವಾದ ಅಭಿಪ್ರಾಯ.

ನಾವು ವಿಚಾರಿಸಿ ತಿಳಿದಂತೆ ಸರಿಯಾದ ಕ್ರಮವು ಹೀಗಿದೆ. ಮೊದಲು ಕಟ್ಟಡವನ್ನೂ ಗೋಪುರವನ್ನೂ ಇಂಜಿನಿಯರರಿಂದ ಪರೀಕ್ಷೆ ಮಾಡಿಸಬೇಕು. ಕಂಪೆನಿಯ ವಾರಸುದಾರರಿಗೆ ವಕೀಲರ ಮೂಲಕ ನೋಟೀಸು ಕೊಟ್ಟು ಸ್ಥಳೀಯ ಸಂಸ್ಥೆಯ ಅಪ್ಪಣೆ ಪಡೆಯಬೇಕು. ವಿದ್ಯುತ್ತಿನ ಸಂಪರ್ಕವನ್ನು ಕಡಿಸಿ, ಬುಡದ ಕೋಣೆಯಲ್ಲಿರುವ ಹಳೆಯ ಬ್ಯಾಟರಿಗಳನ್ನು ಮುಂಚಿತವಾಗಿ ಸಾಗಿಸಬೇಕು. ಅವುಗಳ ಆಮ್ಲವು ಈಗಾಗಲೇ ಸೋರುತ್ತಿದೆ. ಹರಿದ ತಂತಿಯ ಬದಲಿಗೆ ಹಗ್ಗವಲ್ಲ, ತಾತ್ಕಾಲಿಕವಾದ ಉಕ್ಕಿನ ತಂತಿಗಳನ್ನೇ ಕಟ್ಟಿ ಗೋಪುರವನ್ನು ಭದ್ರಪಡಿಸಬೇಕು. ಬಾಗಿದ ಗೋಪುರವನ್ನು ಯಾರೂ ಏರಕೂಡದು. ಅಂಗಳದಲ್ಲಿ ಕ್ರೇನನ್ನು ನಿಲ್ಲಿಸಿ, ಅದು ಮೇಲಿನ ತುಂಡನ್ನು ಹಿಡಿದಿರುವಾಗ ಬೇರೊಂದು ಎತ್ತುಯಂತ್ರದ ಬುಟ್ಟಿಯಿಂದ ಕೆಲಸಗಾರರು ಮೊಳೆಗಳನ್ನು ಬಿಚ್ಚಬೇಕು; ಹೀಗೆ ತುದಿಯಿಂದ ಬುಡಕ್ಕೆ ಒಂದೊಂದೇ ತುಂಡಾಗಿ ಇಳಿಸುತ್ತ, ಇಳಿದಂತೆಲ್ಲ ಆಯಾ ಮಟ್ಟದ ತಂತಿಯನ್ನು ಸಡಿಲಿಸುತ್ತ ಬರಬೇಕು. ಇದೆಲ್ಲವೂ ಶಾಲೆಗೆ ರಜೆಯಿರುವಾಗ, ಕಡಲ ಗಾಳಿ ಏಳುವುದಕ್ಕೆ ಮುಂಚೆ ಬೆಳಗಿನ ಹೊತ್ತಿನಲ್ಲಿ ನಡೆಯತಕ್ಕದ್ದು. ಕ್ರೇನು ಒಳಗೆ ಬರಲು ಬಾವಿಯ ಬಳಿಯ ಮಾವಿನ ಮರದ ಎರಡು ಕೊಂಬೆಗಳನ್ನು ಕಡಿಯಬೇಕಾದೀತು. ಮರವನ್ನು ಕಡಿಯಬೇಕಾಗಿಲ್ಲವೆಂದು ತಿಳಿದು ನಮಗೆ ಎಷ್ಟೋ ಸಮಾಧಾನವಾಯಿತು. ಇನ್ನೊಂದು ಸಂಗತಿಯನ್ನು ಅನೇಕರು ಮರೆಯುವರು. ಈ ತನಕ ಸಿಡಿಲನ್ನು ಹಿಡಿದು ನೆಲಕ್ಕೆ ಇಳಿಸುತ್ತಿದ್ದುದು ಆ ಗೋಪುರವೇ. ಅದು ಹೋದ ದಿನವೇ ವಸತಿಗೃಹಕ್ಕೆ ಪ್ರತ್ಯೇಕವಾದ ಸಿಡಿಲುವಾಹಕವನ್ನು ಹಾಕಿಸದಿದ್ದರೆ ಒಂದು ಅಪಾಯವನ್ನು ಕಳೆದು ಮತ್ತೊಂದನ್ನು ತಂದಂತಾಗುವುದು.

ಆಕ್ಷೇಪಣೆಗಳಲ್ಲಿ ಎರಡಕ್ಕೆ ಉತ್ತರ ಹೇಳಬೇಕಾಗಿದೆ. ಗೋಪುರದ ಅಲೆಗಳಿಂದ ಮಕ್ಕಳಿಗೆ ರೋಗ ಬರುವುದರಿಂದ ತೆಗೆಯಬೇಕೆಂದು ಕೆಲವು ಪೋಷಕರು ಬರೆದಿರುವರು. 2012ನೆಯ ನವೆಂಬರಿನಲ್ಲಿ ರಾಜಸ್ಥಾನದ ಉಚ್ಚ ನ್ಯಾಯಾಲಯವು ಶಾಲೆ ಮತ್ತು ಆಸ್ಪತ್ರೆಗಳ ಆವರಣದಿಂದ ಮೊಬೈಲ್ ಗೋಪುರಗಳನ್ನು ತೆಗೆಯಿಸುವಂತೆ ಆಜ್ಞಾಪಿಸಿದುದನ್ನೂ ಉದಾಹರಿಸಿರುವರು. ಆ ವಾದದಲ್ಲಿ ನಾವು ಸೇರುವುದಿಲ್ಲ. ನಮ್ಮ ಗೋಪುರದಲ್ಲಿ ಅಲೆಗಳನ್ನು ಬೀರುವ ಯಂತ್ರವು ಸುಮ್ಮನಾಗಿ ಬಹಳ ಕಾಲವಾಯಿತು. ಕಾಣದ ಅಲೆಗೆ ಹೆದರಿ ಕಾಣುವ ಕಬ್ಬಿಣಕ್ಕೆ ಹೆದರದಿರುವುದು ಸೋಜಿಗವೇ ಸರಿ.

ಎರಡನೆಯ ಆಕ್ಷೇಪಣೆಯು ಹೆಚ್ಚು ಗೌರವಕ್ಕೆ ಪಾತ್ರವಾದದ್ದು. ಬಿರುಗಾಳಿಯ ಕಾಲದಲ್ಲಿ ಟೆಲಿಫೋನುಗಳೆಲ್ಲ ನಿಂತುಹೋದಾಗ ರೇಡಿಯೋ ಒಂದೇ ಗತಿ, ಆದುದರಿಂದ ಗೋಪುರವು ಬೇಕು ಎಂದು ಹಿರಿಯ ವಿದ್ಯಾರ್ಥಿನಿಯೊಬ್ಬರು ಬರೆದಿರುವರು. 1999ನೆಯ ಅಕ್ಟೋಬರಿನಲ್ಲಿ ಒಡಿಶಾವನ್ನು ಹೊಡೆದ ಮಹಾ ಚಂಡಮಾರುತದ ಬಳಿಕ ಹವ್ಯಾಸಿ ರೇಡಿಯೋದವರು ಸುದ್ದಿ ಸಾಗಿಸಿ ಮಾಡಿದ ಉಪಕಾರವು ಚಿಕ್ಕದಲ್ಲ. ಮೈಸೂರಿನಲ್ಲಿ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ 30 ವ್ಯಾಟಿನ ಪುಟ್ಟ ಯಂತ್ರದಿಂದ ಆಕಾಶವಾಣಿಯನ್ನು ಆರಂಭಿಸಿದ ನಾಡಿನವರಾದ ನಾವು ರೇಡಿಯೋವನ್ನು ಹಳಿಯಲಾರೆವು. ಆದರೆ ಅಂಥ ಕಾರ್ಯಕ್ಕೆ ಎತ್ತರದ ಗೋಪುರವೇ ಬೇಕೆಂಬುದಿಲ್ಲ. ಹವ್ಯಾಸಿಗಳು ಬಹಳವಾಗಿ ಬಳಸುವ 40 ಮೀಟರು ಅಲೆಯುದ್ದಕ್ಕೆ ಸುಮಾರು 20 ಮೀಟರು ಉದ್ದದ ತಂತಿಯೊಂದನ್ನು ಎರಡು ಮರಗಳ ನಡುವೆ ಬಟ್ಟೆ ಒಣಗಿಸುವ ಹಗ್ಗದಂತೆ ಕಟ್ಟಿದರೂ ಸಾಕು.

ರೇಡಿಯೋದ ಮೂಲಪುರುಷನೆನಿಸಿದ ಮಾರ್ಕೋನಿಗೂ ಇದೇ ಅನುಭವವಾಯಿತು. ಇಂಗ್ಲೆಂಡಿನ ಪೋಲ್ಡು ಎಂಬ ಕಡಲತಡಿಯಲ್ಲಿ ಅವನು 200 ಅಡಿ ಎತ್ತರದ 20 ಸ್ತಂಭಗಳನ್ನು ವರ್ತುಲಾಕಾರವಾಗಿ ನಿಲ್ಲಿಸಿ, ಒಂದರ ತುದಿಯನ್ನು ಇನ್ನೊಂದಕ್ಕೆ ಬಿಗಿದಿದ್ದನು. 1901ನೆಯ ಸೆಪ್ಟೆಂಬರ್ 17ರ ಬಿರುಗಾಳಿಯು ಅವುಗಳನ್ನು ಕೆಡಹಿಬಿಟ್ಟಿತು. ಮಾರ್ಕೋನಿಯು ಮುರಿದುದನ್ನು ನಿಲ್ಲಿಸಹೋಗಲಿಲ್ಲ. ಅವಶೇಷಗಳನ್ನು ತೆಗೆಯಿಸಿ, ಮೊದಲಿಗಿಂತ ಗಿಡ್ಡವಾದ ಎರಡೇ ಸ್ತಂಭಗಳ ನಡುವೆ ತಂತಿಗಳನ್ನು ಬೀಸಣಿಗೆಯ ಹಾಗೆ ಇಳಿಬಿಟ್ಟನು. ಅದೇ ವರ್ಷದ ಡಿಸೆಂಬರ್ 12ರಂದು ಅಲ್ಲಿಂದ ಹೊರಟ ಸಂಕೇತವನ್ನು ಅಟ್ಲಾಂಟಿಕ್ ಸಾಗರದಾಚೆ ನ್ಯೂಫೌಂಡ್‌ಲೆಂಡಿನಲ್ಲಿ ಕೇಳಿದೆನೆಂದು ಲೋಕಕ್ಕೆ ಸಾರಿದನು.

ಇನ್ನು ಹಣದ ಮಾತು. ಶಾಲೆಯ ಉತ್ಸವಕ್ಕೆಂದು ಹಳೆಯ ವಿದ್ಯಾರ್ಥಿನಿಯರಿಂದ ಕೂಡಿಸಿದ ನಿಧಿಯು ಹೊಸ ಮಹಾದ್ವಾರಕ್ಕೆಂದು ಮೀಸಲಾಗಿರುವುದು ನಮಗೆ ಗೊತ್ತು. ದ್ವಾರದ ನಕ್ಷೆಯು ಸುಂದರವಾಗಿದೆ. ದಾನಿಗಳ ಹೆಸರುಗಳು ಕಲ್ಲಿನ ಮೇಲೆ ಕೆತ್ತಲ್ಪಡುವುವು. ಗೋಪುರವನ್ನು ಇಳಿಸಿದ ಸ್ಥಳದಲ್ಲಾದರೋ ಯಾರ ಹೆಸರನ್ನೂ ಕೆತ್ತುವ ಹಾಗಿಲ್ಲ. ಅಲ್ಲಿ ಮೊಳೆಯ ರಂಧ್ರಗಳನ್ನು ಮುಚ್ಚಿದ ಗಾರೆಯ ಕಲೆಯೊಂದೇ ಉಳಿಯುವುದು. ಹೀಗಿದ್ದರೂ ದ್ವಾರವನ್ನು ಒಂದೆರಡು ವರ್ಷ ಮುಂದಕ್ಕೆ ಹಾಕಿ, ಆ ನಿಧಿಯಿಂದ ಗೋಪುರವನ್ನು ಕ್ರಮವಾಗಿ ಇಳಿಸಿ, ಚಾವಣಿಯನ್ನು ದುರಸ್ತಿ ಮಾಡಿಸಬೇಕೆಂದು ನಾವು ಸಮಿತಿಯವರನ್ನು ಪ್ರಾರ್ಥಿಸುತ್ತೇವೆ. ನಿಧಿಗೆ ಹಣ ಕೊಟ್ಟ ಸಹೋದರಿಯರ ಸಮ್ಮತಿಯಿಲ್ಲದೆ ಇದು ಆಗಕೂಡದು. ಆದುದರಿಂದ ಈ ಪುಟವನ್ನು ಓದಿದವರು ತಮ್ಮ ಒಪ್ಪಿಗೆಯನ್ನಾಗಲಿ ಅಸಮ್ಮತಿಯನ್ನಾಗಲಿ ಎರಡು ಸಾಲಿನಲ್ಲಿ ಬರೆದು, ಬೇಸಗೆಯ ರಜೆ ಪ್ರಾರಂಭವಾಗುವುದರೊಳಗೆ ಮುಖ್ಯೋಪಾಧ್ಯಾಯಿನಿಯವರಿಗೆ ತಲಪಿಸಬೇಕಾಗಿ ಕೋರುತ್ತೇವೆ. ರಜೆಯ ಬಳಿಕ ಮಳೆ ಬಂದರೆ ಕ್ರೇನು ಅಂಗಳದ ಕೆಸರಿನಲ್ಲಿ ನಿಲ್ಲದು.

ಮೂರನೆಯ ಕೊಠಡಿಯ ಮಕ್ಕಳು ಸದ್ಯಕ್ಕೆ ಕೆಳಗಣ ಸಂಗೀತದ ಕೋಣೆಯಲ್ಲಿ ಮಲಗುತ್ತಿದ್ದಾರೆ. ಹಾರ್ಮೋನಿಯಮ್ಮು ಜಗಲಿಗೆ ಹೋಗಿದೆ; ಮಳೆಯ ಇರಚಲು ತಾಗದಂತೆ ಅದಕ್ಕೆ ಒಂದು ಕಂಬಳಿ ಹೊದಿಸಿದ್ದಾರೆ.