ಒಬ್ಬಳು ನಾಯಕಿ, ಇಬ್ಬರು ನಾಯಕರು, ಒಂದು ಸ್ವಿಚ್ಚು!

ತ್ರಿಕೋನ ಪ್ರೇಮದ ಕಥೆ ಅಂದ್ಕೊಂಡ್ರಾ? ಹೌದು ಸ್ವಾಮಿ, ಅದೇ! ಆದರೆ ಇಲ್ಲಿ ನಾಯಕಿ ಅಂದರೆ ನಾನೇ ಪ್ಲೈವುಡ್ ಕೊಯ್ದು, ಫೆವಿಕಾಲ್ ಮೆತ್ತಿ, ಎಂಟು ಇಂಚಿನ ವೂಫರ್ ಕೂರಿಸಿದ ಒಂದು ಜೊತೆ ಸ್ಪೀಕರ್ ಪೆಟ್ಟಿಗೆ. ಮೊದಲನೇ ನಾಯಕ ನಮ್ಮ ಸೋದರಮಾವನ ವಾಲ್ವ್ ಆಂಪ್ಲಿಫೈಯರ್. ಜಾಲಹಳ್ಳಿಯ ಬಿ.ಇ.ಎಲ್. ಕಾರ್ಖಾನೆ ವಾಲ್ವು ತಯಾರಿಸುತ್ತಿದ್ದ ಕಾಲದ್ದು. ಒಂದೊಂದು ಕಡೆಗೆ 10 ವಾಟ್, ಎತ್ತಿದರೆ ಸೊಂಟ ಹಿಡಿಯುತ್ತೆ. ಎರಡನೆಯವನು ಅಂಗೈಯಗಲದ ಬೋರ್ಡು. ಟಿಪಿಎ3116 ಅನ್ನೋ ಚಿಪ್ಪಿನದು. 24 ವೋಲ್ಟ್ ಅಡಾಪ್ಟರ್ ಸಿಕ್ಕಿಸಿದರೆ ಸಾಕು, ಮನೆ ನಡುಗಿಸುವ ಪಡ್ಡೆ ಹುಡುಗ.

ಪಿ.ಬಿ. ಶ್ರೀನಿವಾಸ್ ಕಂಠ ವಾಲ್ವಿನಲ್ಲಿ ಮಾತ್ರ ಬರೋದು ಅಂತ ಮಾವನ ಹಟ. ಜಾತ್ರೆ, ಮದುವೆಗಳಿಗೆ ಮೈಕ್ ಸೆಟ್ ಹಾಕಿ ಮುವ್ವತ್ತು ವರ್ಷ ಬದುಕಿದವರು, ಸುಮ್ಮನೆ ಬಿಡ್ತಾರಾ? ನಾನೋ, ಪಿಯುಸಿ ಅರ್ಧಕ್ಕೆ ಬಿಟ್ಟವನು. ಓದಿನಲ್ಲಿ ತೋರಿಸದ ಹಟವನ್ನೆಲ್ಲ ಇಲ್ಲಿ ತೋರಿಸಿದೆ. "ಬನ್ನಿ ಮಾವ, ಎರಡನ್ನೂ ಒಂದೇ ಸ್ಪೀಕರಿಗೆ ಕೊಡ್ತೀನಿ. ಸ್ವಿಚ್ ಒತ್ತಿ ಒತ್ತಿ ಕೇಳೋಣ" ಅಂದೆ.

ಅಲ್ಲೇ ಎಡವಟ್ಟಾಗಿದ್ದು. ಮನೆಯಲ್ಲಿ ಮೆಟ್ಟಿಲ ದೀಪಕ್ಕೆ ಹಾಕೋ ಟೂ-ವೇ ಸ್ವಿಚ್ಚು ಎರಡು ಬಿದ್ದಿದ್ದವು. ಪ್ಲಸ್ ತಂತಿಗಳನ್ನು ಅದಕ್ಕೆ ಕೊಟ್ಟೆ. ಮೈನಸ್ ತಾನೇ, ಎಲ್ಲ ಒಂದೇ ಅಂತ ಎಲ್ಲವನ್ನೂ ಒಟ್ಟಿಗೆ ಹೊಸೆದೆ. ಹಾಡು ಹಾಕಿ ಸ್ವಿಚ್ಚನ್ನು ಹುಡುಗನ ಕಡೆ ತಿರುಗಿಸಿದೆ. ಮೌನ! ಯಾಕಪ್ಪಾ ಅಂತ ತಲೆ ಕೆರೆದುಕೊಂಡು, ಎರಡರ ವಾಲ್ಯೂಮನ್ನೂ ಏರಿಸಿ, ಅಕ್ಕ ಕೊಟ್ಟ ಕಾಫಿ ಕುಡಿಯೋಕೆ ಒಳಗೆ ಹೋದೆ. ವಾಪಸ್ ಬಂದಾಗ ವಾರ್ನಿಷ್ ಸುಟ್ಟ ವಾಸನೆ.

ಆಗಿದ್ದಿಷ್ಟು. ಆ ಚಿಪ್ಪಿನ ಎರಡೂ ತಂತಿಗಳು ಜೀವಂತ. ಅದರ ಮೈನಸ್ ನಿಜವಾದ ಮೈನಸ್ ಅಲ್ಲವೇ ಅಲ್ಲ, ಅದರ ಮೇಲೂ ಸುಮಾರು 12 ವೋಲ್ಟ್ ನಿಂತಿರುತ್ತೆ. ವಾಲ್ವ್ ಸೆಟ್ಟಿನ ಮೈನಸ್ಸು ಅದರ ಕಬ್ಬಿಣದ ಚಾಸಿಗೇ ಕಟ್ಟಿದ್ದು. ಎರಡೂ ಸೆಟ್ಟಿಗೆ ಹಾಡು ಕೊಟ್ಟ ತಂತಿ ಒಂದೇ ಆದ್ದರಿಂದ ನೆಲವೂ ಒಂದೇ. ನಾನು ಹೊಸೆದ ಗಂಟು ಚಿಪ್ಪಿಗೆ ನೇರ ಶಾರ್ಟು! ಅದರ ಹೊಟ್ಟೆಯೊಳಗೇ ರಕ್ಷಣೆ ಇರೋದರಿಂದ ಅದು ಬಾಯಿ ಮುಚ್ಚಿಕೊಂಡು ಬದುಕಿತು. ಮುದುಕನಿಗೆ ಆ ಜಾಣತನ ಇಲ್ಲವಲ್ಲ. ವಾಲ್ವ್ ಸೆಟ್ಟಿಗೆ ಸ್ಪೀಕರ್ ಅನ್ನೋ ಹೊರೆ ಇರಲೇಬೇಕು. ಹೊರೆ ಕಿತ್ತು ಹಾಡು ಮಾತ್ರ ಕೊಡುತ್ತಿದ್ದರೆ ಶಕ್ತಿಗೆ ಹೋಗೋಕೆ ದಾರಿಯಿಲ್ಲ. ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನಲ್ಲಿ ವೋಲ್ಟೇಜು ಸಾವಿರ ದಾಟಿ, ಸುತ್ತಿನಿಂದ ಸುತ್ತಿಗೆ ಕಿಡಿ ಹಾರುತ್ತೆ. ಒಂದು ಕಡೆಯದು ಹೋಗೇಬಿಟ್ಟಿತ್ತು.

ಮಾವ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಸೆಟ್ಟಿಗೆ ಒಂದು ಟವಲು ಹೊದಿಸಿ ಊರಿಗೆ ಹೊರಟುಹೋದರು. ಟ್ರಾನ್ಸ್‌ಫಾರ್ಮರನ್ನು ಬೆಂಗಳೂರಿನಲ್ಲಿ ಒಬ್ಬರು ಹಿರಿಯರ ಹತ್ತಿರ ಮತ್ತೆ ಸುತ್ತಿಸಿದೆ. ನನ್ನ ಎರಡು ತಿಂಗಳ ಬರವಣಿಗೆ ಸಂಭಾವನೆ ಅದಕ್ಕೇ ಸಮರ್ಪಣೆ!

ಈಗ ಹೇಳ್ತೀನಿ, ಎಂಥ ಸ್ವಿಚ್ಚು ಬೇಕು ಅಂತ.

ಹಳೇ ಟಾಕೀಸಿನ ಪ್ರೊಜೆಕ್ಟರ್ ರೂಮು ನೆನಪಿಸಿಕೊಳ್ಳಿ. ಅಲ್ಲಿ ಎರಡು ಯಂತ್ರ. ರೀಲು ಮುಗಿಯುವ ಹೊತ್ತಿಗೆ ಪರದೆಯ ಬಲಮೂಲೆಯಲ್ಲಿ ಒಂದು ಚುಕ್ಕೆ ಮಿಂಚುತ್ತಿತ್ತು. ಆಪರೇಟರು ಅದನ್ನು ಕಂಡೊಡನೆ ಬದಲಾಯಿಸುತ್ತಿದ್ದರು. ಯಂತ್ರ ಎರಡೂ ಓಡುತ್ತಿದ್ದರೂ ಪರದೆಗೆ ಬೀಳೋದು ಒಂದೇ. ನಮಗೂ ಅಷ್ಟೇ. ಒಬ್ಬ ನಾಯಕ ಪೂರ್ತಿ ಹೊರಗೆ ಹೋದ ಮೇಲೇ ಇನ್ನೊಬ್ಬ ಒಳಗೆ ಬರಬೇಕು. ಅಂದರೆ ಮೊದಲು ಬಿಡಿಸಿ ಆಮೇಲೆ ಕೂಡಿಸುವ ಸ್ವಿಚ್ಚು. ಕೆಲವು ರೋಟರಿ ಸ್ವಿಚ್ಚುಗಳು ಹೊಸದನ್ನು ಕೂಡಿಸಿಕೊಂಡೇ ಹಳೆಯದನ್ನು ಬಿಡೋದು. ಅಂಥದ್ದರಲ್ಲಿ ಎರಡು ಆಂಪ್ಲಿಫೈಯರು ಒಂದು ಕ್ಷಣ ಮುಖಾಮುಖಿ... ಕ್ಲೈಮ್ಯಾಕ್ಸು ಅಲ್ಲೇ! ಅಂಗಡಿಯಲ್ಲಿ ಕೇಳಿಯೇ ತಗೊಳ್ಳಿ.

ಇನ್ನು ಪೋಲು. ಎರಡು ಸ್ಪೀಕರಿಗೆ ನಾಲ್ಕು ತಂತಿ, ನಾಲ್ಕೂ ಬದಲಾಗಬೇಕು. ಮೈನಸ್ ಅಂತ ಸಸಾರ ಮಾಡಬೇಡಿ, ಗತಿ ಮೇಲೆ ನೋಡಿದಿರಲ್ಲ. ಹಾಗಾಗಿ ಕನಿಷ್ಠ ನಾಲ್ಕು ಪೋಲ್, ಎರಡು ದಾರಿ. ನಾನು ಕೊಂಡಿದ್ದು ಎಸ್.ಪಿ. ರೋಡಿನಲ್ಲಿ, ಪ್ಯಾನಲ್ ಬೋರ್ಡಿಗೆ ಹಾಕೋ ತಿರುಗಿಸುವ ಕ್ಯಾಮ್ ಸ್ವಿಚ್ಚು. ಆರು ಪೋಲಿನದು, 10 ಆಂಪಿನದು. ನಾಲ್ಕು ಪೋಲು ಸ್ಪೀಕರಿಗೆ. ಉಳಿದೆರಡು, ಸ್ಪೀಕರು ಹುಡುಗನ ಕಡೆ ಹೋದಾಗ ವಾಲ್ವ್ ಸೆಟ್ಟಿನ ಎರಡು ಕಡೆಗೂ ಒಂದೊಂದು 8 ಓಮ್, 20 ವಾಟಿನ ವೈರ್-ವೂಂಡ್ ರೆಸಿಸ್ಟರನ್ನು ಹೊರೆಯಾಗಿ ಕೊಡೋಕೆ. ಸ್ವಿಚ್ಚು ತಿರುಗೋ ಆ ಅರೆಕ್ಷಣಕ್ಕೂ ಭಯ ಬೇಡ ಅಂತ 220 ಓಮ್, 5 ವಾಟಿನ ಇನ್ನೊಂದನ್ನು ವಾಲ್ವಿನ ಔಟ್‌ಪುಟ್ಟಿಗೇ ಖಾಯಂ ಕಟ್ಟಿದ್ದೀನಿ.

ಇದೇ ಕ್ಯಾಮ್ ಸ್ವಿಚ್ಚು ಮಧ್ಯೆ ಸೊನ್ನೆ ಇರೋದೂ ಸಿಗುತ್ತೆ. ನಿಮ್ಮ ಎರಡೂ ಸೆಟ್ಟು ಟ್ರಾನ್ಸಿಸ್ಟರಿನದಾದರೆ ಅದು ಚಿನ್ನ, ಕಣ್ಣು ಮುಚ್ಚಿ ತಗೊಳ್ಳಿ. ವಾಲ್ವ್ ಇದ್ದರೆ ಮಾತ್ರ ಬೇಡ. ಸೊನ್ನೆಯಲ್ಲಿ ಮರೆತು ಕಾಫಿಗೆ ಹೋಗೋ ನನ್ನಂಥವರು ಇದ್ದಾರೆ.

10 ಆಂಪು ಯಾಕೆ, ಜಾಸ್ತಿ ಆಯ್ತಲ್ಲ ಅಂತೀರಾ? 50 ವಾಟು 4 ಓಮಿನಲ್ಲಿ ಅಂದರೆ ಮೂರೂವರೆ ಆಂಪು. 6 ಆಂಪಿನ ಟಾಗಲ್ ಸಾಕು, ನಿಜ. ನಾಲ್ಕು ಪೋಲಿನ ಟಾಗಲ್ ಸಿಕ್ಕರೆ ಹಾಕಿ. ಆದರೆ ಟ್ರಾನ್ಸಿಸ್ಟರ್ ರೇಡಿಯೋದಲ್ಲಿ ಇರುತ್ತಲ್ಲ ಪುಟ್ಟ ಜಾರೋ ಸ್ವಿಚ್ಚು, ಅದರ ತಂಟೆಗೆ ಹೋಗಬೇಡಿ. ಅರ್ಧ ಆಂಪಿಗೇ ಸುಸ್ತು. ತಂತಿ ಜೋಡಿಸುವಾಗ ಪ್ಲಗ್ ಕೀಳಿ. ವಾಲ್ವ್ ಸೆಟ್ಟಿನ ಕೆಪಾಸಿಟರುಗಳಲ್ಲಿ ಪ್ಲಗ್ ಕಿತ್ತ ಮೇಲೂ ನೂರಾರು ವೋಲ್ಟು ಹೊಂಚು ಹಾಕಿ ಕೂತಿರುತ್ತೆ.

ಇನ್ನೊಂದು ಗುಟ್ಟು. ಯಾವುದು ಒಂಚೂರು ಜೋರಾಗಿದೆಯೋ ಅದೇ ಚೆನ್ನಾಗಿದೆ ಅಂತ ಕಿವಿ ತೀರ್ಪು ಕೊಟ್ಟುಬಿಡುತ್ತೆ, ಮಹಾ ಮೋಸದ ಕಿವಿ. 400 ಹರ್ಟ್ಸಿನ ಒಂದೇ ಸ್ವರ ನುಡಿಸಿ, ಸ್ಪೀಕರ್ ತುದಿಯಲ್ಲಿ ಮಲ್ಟಿಮೀಟರನ್ನು ಎ.ಸಿ.ಗೆ ಇಟ್ಟು ನೋಡಿ. ಒಂದರಲ್ಲಿ 1 ವೋಲ್ಟ್ ಬಂದರೆ ಇನ್ನೊಂದನ್ನೂ ಅಲ್ಲಿಗೇ ತನ್ನಿ. ಆಮೇಲೆ ವಾದ ಮಾಡಿ.

ಮಾವನನ್ನು ಕರೆಸೋಕೆ ಅಕ್ಕ ಮೂರು ಸಲ ಫೋನ್ ಮಾಡಬೇಕಾಯಿತು. ಬಂದರು. ಟವಲು ತೆಗೆದು, ವಾಲ್ವು ಕೆಂಪಗಾಗೋದನ್ನೇ ನೋಡುತ್ತ ನಿಂತರು. ಆಮೇಲೆ ಪೆಟ್ಟಿಗೆ ಕಡೆ ಮುಖ, ಸ್ವಿಚ್ಚಿನ ಕಡೆ ಬೆನ್ನು ಮಾಡಿ ಕೂತರು. ಜಿ.ಕೆ. ವೆಂಕಟೇಶ್ ಸಂಗೀತದ, ಪಿ.ಬಿ. ಶ್ರೀನಿವಾಸ್ ಹಾಡು. ನಾನು ತಿರುಗಿಸೋದು, ಅವರು "ವಾಲ್ವು", "ನಿನ್ನ ಹುಡುಗ" ಅನ್ನೋದು. ಹತ್ತರಲ್ಲಿ ಆರು ಸರಿ, ನಾಲ್ಕು ತಪ್ಪು. ಗೆದ್ದೆ ಅಂತ ನಾನು ಕುಣಿಯುತ್ತ ಹನ್ನೊಂದನೇ ಸಲಕ್ಕೆ ಕೈ ಹಾಕಿದೆ.

"ಲೋ, ಚರಣ ಬಂತು. ಕೈ ತೆಗಿಯೋ ಅದರ ಮೇಲಿಂದ" ಅಂದರು ಮಾವ.

ಆಗ ಸ್ವಿಚ್ಚು ಯಾರ ಕಡೆ ಇತ್ತೋ, ಅವರು ಕೇಳಲಿಲ್ಲ. ನಾನೂ ಹೇಳಲಿಲ್ಲ.