ಸಾಹೇಬರಿಗಾಗಿ ಬರೆದ ಪಾಠ ಟಿಪ್ಪಣಿ

ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಯಿಂದ ಯಾರಾದರೂ ಬರುತ್ತಾರೆಂದು ಗೊತ್ತಾದರೆ ಸಾಕು, ಸರ್ಕಾರಿ ಶಾಲೆಯಲ್ಲಿ ಪಾಠ ಟಿಪ್ಪಣಿ ಪುಸ್ತಕಗಳು ಮೇಜಿಗೆ ಬರುತ್ತವೆ. ವಾರದಿಂದ ಬಾಕಿ ಉಳಿದ ಪುಟಗಳು ಕೂತ ಜಾಗದಲ್ಲೇ ತುಂಬುತ್ತವೆ, ಮುಖ್ಯ ಶಿಕ್ಷಕರ ಸಹಿ ಬೀಳುತ್ತದೆ. ಕಲಿಸಿ ಮುಗಿದ ಪಾಠಕ್ಕೆ ಯೋಜನೆ ಬರೆದು ಯಾರಿಗೆ ಉಪಯೋಗ? ಶಿಕ್ಷಕರನ್ನು ಸೋಮಾರಿಗಳೆಂದು ದೂರುವುದು ಸುಲಭ. ಆದರೆ ಆ ಪುಸ್ತಕ ಓದುವವರು ತಪಾಸಣೆಗೆ ಬರುವವರು ಮಾತ್ರ ಎಂದಾದ ಮೇಲೆ, ಅವರಿಗಾಗಿಯೇ ಬರೆಯುವುದು ಸಹಜ.

ಟಿಪ್ಪಣಿಯ ನಮೂನೆಗಳೇನೋ ಬದಲಾಗಿವೆ. ಹಿಂದಿನ ತಲೆಮಾರಿನವರು ಬಿ.ಇಡಿ.ಯಲ್ಲಿ ಜರ್ಮನಿಯ ಹರ್ಬಾರ್ಟ್ ಹೆಸರಿನ ಐದು ಹಂತಗಳನ್ನು ಕಲಿತರು. ಈಗಿನವರು 5ಇ ಎಂಬ ಐದು ಕಾಲಂ ತುಂಬುತ್ತಾರೆ: ತೊಡಗಿಸಿಕೊಳ್ಳುವಿಕೆ, ಅನ್ವೇಷಣೆ, ವಿವರಣೆ, ವಿಸ್ತರಣೆ, ಮೌಲ್ಯಮಾಪನ. 1980ರ ದಶಕದಲ್ಲಿ ಅಮೆರಿಕದಲ್ಲಿ ವಿಜ್ಞಾನ ಬೋಧನೆಗೆಂದು ಹುಟ್ಟಿದ ಮಾದರಿ ಇದು. ಎರಡು-ಮೂರು ವಾರ ನಡೆಯುವ ಘಟಕಕ್ಕೆ ಇದು ಹೊಂದುತ್ತದೆಯೇ ಹೊರತು ಒಂದೇ ಪಾಠಕ್ಕಲ್ಲ ಎಂದು ಅದನ್ನು ರೂಪಿಸಿದ ರೋಜರ್ ಬೈಬೀ ಅವರೇ ಹೇಳಿದ್ದಾರೆ. ನಾವೋ ಐದನ್ನೂ 40 ನಿಮಿಷದ ಪೀರಿಯಡ್ಡಿಗೆ ತುರುಕಿದೆವು, ಕುವೆಂಪು ಪದ್ಯಕ್ಕೂ ಅದೇ ಅಂಗಿ ತೊಡಿಸಿದೆವು.

ಟಿಪ್ಪಣಿಯಲ್ಲಿ ನಿಜಕ್ಕೂ ಇರಬೇಕಾದದ್ದು ಈ ಕಾಲಂಗಳಿಗೆ ಸಿಕ್ಕುವುದಿಲ್ಲ. ಭಿನ್ನರಾಶಿಯನ್ನೇ ನೋಡಿ. ಮೂರನೇ ಒಂದು ದೊಡ್ಡದೋ, ನಾಲ್ಕನೇ ಒಂದು ದೊಡ್ಡದೋ ಎಂದು ಕೇಳಿದರೆ ಅನೇಕ ಮಕ್ಕಳು ನಾಲ್ಕನೇ ಒಂದು ಎನ್ನುತ್ತಾರೆ. ಮೂರಕ್ಕಿಂತ ನಾಲ್ಕು ದೊಡ್ಡದಲ್ಲವೇ? ಎರಡನ್ನೂ ಕೂಡಿಸಿ ಎಂದರೆ ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಸೇರಿಸಿ 2/7 ಎಂದು ಬರೆಯುತ್ತಾರೆ. ಇದು ಗಮನವಿಲ್ಲದೆ ಆದ ತಪ್ಪಲ್ಲ. ಪೂರ್ಣ ಸಂಖ್ಯೆಗಳಲ್ಲಿ ಇಷ್ಟು ದಿನ ಕೈಹಿಡಿದ ತರ್ಕವನ್ನೇ ಮಗು ಇಲ್ಲಿಗೂ ತಂದಿದೆ. ಹಾಗಾಗಿ ಟಿಪ್ಪಣಿಯಲ್ಲಿ ಮೊದಲು ಬರೆದುಕೊಳ್ಳಬೇಕಾದದ್ದು ಆ ತಪ್ಪು ಉತ್ತರವನ್ನು, ಆಮೇಲೆ ಅದನ್ನು ಅಲುಗಿಸುವ ಪ್ರಶ್ನೆಯನ್ನು. ಅರ್ಧಕ್ಕೆ ಅರ್ಧ ಸೇರಿಸಿದರೆ ಅದೇ ದಾರಿಯಲ್ಲಿ 2/4, ಅಂದರೆ ಮತ್ತೆ ಅರ್ಧವೇ ಬರುತ್ತದೆ. ಎರಡು ಅರ್ಧ ರೊಟ್ಟಿ ತಿಂದವನು ಅರ್ಧವನ್ನೇ ತಿಂದ ಹಾಗಾಯಿತೇ ಎಂದು ಕೇಳಿ, ಸುಮ್ಮನೆ ಕಾಯಬೇಕು.

ಕಾಯುವುದೇ ಕಷ್ಟ. ಶಿಕ್ಷಕರು ಪ್ರಶ್ನೆ ಕೇಳಿ ಸರಾಸರಿ ಒಂದು ಸೆಕೆಂಡಿನಷ್ಟೇ ತಡೆಯುತ್ತಾರೆಂದು ಅಮೆರಿಕದ ಮೇರಿ ಬಡ್ ರೋ 1970ರ ದಶಕದಲ್ಲೇ ತೋರಿಸಿದರು. ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಉತ್ತರಗಳು ಉದ್ದವಾದವು, ಸುಮ್ಮನಿರುತ್ತಿದ್ದವರೂ ಬಾಯಿಬಿಟ್ಟರು. ಆದರೆ ಈ ಮೌನ ಯಾರ ಕಣ್ಣಿಗೂ ಬೀಳುವುದಿಲ್ಲ. ಹಾಡು, ಕುಣಿತ, ಚಾರ್ಟು ಇದ್ದರೆ ತರಗತಿ ಲವಲವಿಕೆಯಿಂದ ಕಾಣುತ್ತದೆ, ಇಲಾಖೆಗೆ ಕಳಿಸುವ ಫೋಟೊ ಕೂಡ ಚೆನ್ನಾಗಿ ಬರುತ್ತದೆ. ಹಿಂದಿನ ಸಾಲಿನ ಹುಡುಗಿ ಯೋಚಿಸುತ್ತಿದ್ದಾಳೆಯೇ ಎಂಬುದು ಫೋಟೊದಲ್ಲಿ ತಿಳಿಯದು.

ಶಿಕ್ಷಕರೇ ಕೂತು ಯೋಚಿಸಿದ ಉದಾಹರಣೆಯೂ ನಮ್ಮಲ್ಲಿದೆ. 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಚಟುವಟಿಕೆ ಆಧಾರಿತ ಕಲಿಕೆಯ ನಲಿ-ಕಲಿ ಕಾರ್ಯಕ್ರಮ ಆರಂಭವಾದಾಗ, ಆಂಧ್ರದ ರಿಷಿ ವ್ಯಾಲಿ ಶಾಲೆಯ ಪ್ರಯೋಗ ನೋಡಿ ಬಂದ ಶಿಕ್ಷಕರೇ ಕೂತು ಕಲಿಕಾ ಕಾರ್ಡುಗಳನ್ನು ಮಾಡಿದ್ದರು. ರಾಜ್ಯವೆಲ್ಲ ಹಬ್ಬಿದ ಮೇಲೆ ಕಾರ್ಡು ಮೇಲಿನಿಂದ ಬಂತು. ಅದನ್ನು ಮಾಡುವಾಗ ನಡೆದ ವಾದ, ಚರ್ಚೆ ಅದರ ಜೊತೆಗೆ ಬರಲಿಲ್ಲ.

ಹೀಗೆ ಕೂತು ಯೋಚಿಸಲು ಸಮಯ ಎಲ್ಲಿದೆ ಎಂಬ ಶಿಕ್ಷಕರ ಪ್ರಶ್ನೆ ನ್ಯಾಯವಾದದ್ದೇ. 2009ರ ಶಿಕ್ಷಣ ಹಕ್ಕು ಕಾಯ್ದೆ ಶಿಕ್ಷಕರ ಕೆಲಸ ವಾರಕ್ಕೆ ಕನಿಷ್ಠ 45 ಗಂಟೆ ಎನ್ನುವಾಗ ಪಾಠದ ತಯಾರಿಯನ್ನೂ ಅದರೊಳಗೇ ಎಣಿಸಿದೆ. ತಯಾರಿಯ ಆ ಗಂಟೆಗಳು ವೇಳಾಪಟ್ಟಿಯಲ್ಲಿ ಕಾಣುವುದಿಲ್ಲ. ಬಿಸಿಯೂಟದ ಮೊಟ್ಟೆಯ ಲೆಕ್ಕ, ಮಕ್ಕಳ ಮಾಹಿತಿ ತುಂಬುವ ಸ್ಯಾಟ್ಸ್ ತಂತ್ರಾಂಶದ ನಮೂದು, ವಾಟ್ಸ್‌ಆ್ಯಪ್ ಗುಂಪಿನ ತುರ್ತು ಮಾಹಿತಿ ಅವನ್ನು ನುಂಗುತ್ತವೆ. ಇಬ್ಬರೇ ಶಿಕ್ಷಕರಿರುವ ಶಾಲೆಯಲ್ಲಂತೂ ಬಿಡುವಿನ ಪೀರಿಯಡ್ಡೇ ಇಲ್ಲ. ಅಂಥವರಿಗೆ ಸುತ್ತಲಿನ ಶಾಲೆಗಳ ಶಿಕ್ಷಕರು ಸೇರುವ ಕ್ಲಸ್ಟರ್ ಸಮಾಲೋಚನಾ ಸಭೆಯ ಅರ್ಧ ದಿನವಾದರೂ ಸಿಗಲಿ. ಸುತ್ತೋಲೆ ಓದುವುದನ್ನು ಬಿಟ್ಟು ಮುಂದಿನ ತಿಂಗಳ ಕಷ್ಟದ ಪಾಠಗಳನ್ನು ಅಲ್ಲಿ ಕೈಗೆತ್ತಿಕೊಳ್ಳಲಿ. ಟಿಪ್ಪಣಿ ಅರ್ಧ ಪುಟಕ್ಕೆ ಇಳಿಯಲಿ. ಶಾಲೆಗೆ ಬಂದ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ (ಸಿಆರ್‌ಪಿ) ಸಹಿ ಹುಡುಕುವ ಬದಲು, ನಿನ್ನೆ ಮಕ್ಕಳು ಎಲ್ಲಿ ತಪ್ಪಿದರು, ಅದಕ್ಕೆ ಇವತ್ತಿನ ಪಾಠದಲ್ಲಿ ಏನು ಬದಲಾಯಿಸಿದಿರಿ ಎಂದು ಕೇಳಲಿ.