ನೋವು ಎಲ್ಲಿ? ಬೆರಳು ತೋರಿಸದೆ ಹೇಳಿ!

ಮಕ್ಕಳೇ, ಅಜ್ಜಿ "ಕಾಲು ನೋವು ಕಣೋ" ಎಂದರೆ ನೋವು ಎಲ್ಲಿದೆ ಎಂದು ನಿಮಗೆ ಗೊತ್ತಾಗುತ್ತದೆಯೇ? ನಮ್ಮ ಮಾತಿನಲ್ಲಿ ಸೊಂಟದ ಕೆಳಗಿನಿಂದ ಬೆರಳ ತುದಿಯವರೆಗೆ ಎಲ್ಲವೂ ಕಾಲೇ. ತೊಡೆ, ಮಂಡಿ, ಮೀನಖಂಡ, ಹಿಮ್ಮಡಿ, ಅಂಗಾಲು ಎಂಬ ಚೆಂದದ ಹೆಸರುಗಳಿದ್ದರೂ ಡಾಕ್ಟರ ಮುಂದೆ ಕೂತಾಗ ಒಂದೂ ಬಾಯಿಗೆ ಬರುವುದಿಲ್ಲ. ಎದುರಿಗಿದ್ದರೆ ಮುಟ್ಟಿ ತೋರಿಸಬಹುದು. ಫೋನಿನಲ್ಲಿ ಹೇಳಬೇಕಾದರೆ?

ಇದಕ್ಕೆ ವೈದ್ಯರು ಒಂದು ಒಪ್ಪಂದ ಮಾಡಿಕೊಂಡಿದ್ದಾರೆ. ರೋಗಿ ಮಲಗಿರಲಿ, ಕೂತಿರಲಿ, ಅವರ ಲೆಕ್ಕದಲ್ಲಿ ದೇಹ ಯಾವಾಗಲೂ ನೆಟ್ಟಗೆ ನಿಂತಿರುತ್ತದೆ. ಮುಖ ಮುಂದಕ್ಕೆ, ಕೈಗಳು ಪಕ್ಕದಲ್ಲಿ ಇಳಿಬಿದ್ದು ಅಂಗೈ ಮುಂದಕ್ಕೆ. ಎದ್ದು ಹಾಗೆ ನಿಂತು ನೋಡಿ. ಈಗ ನಿಮ್ಮ ಹೆಬ್ಬೆರಳು ದೇಹದಿಂದ ಆಚೆ ಇದೆ, ಕಿರುಬೆರಳು ತೊಡೆಯ ಕಡೆ ಇದೆ. ಅಂಗೈ ಹಿಂದಕ್ಕೆ ತಿರುಗಿಸಿದರೆ ಎಲ್ಲ ತಿರುವುಮುರುವು! ಅದಕ್ಕೇ ಈ ನಿಯಮ. ಕಾಲಿನ ಹೆಬ್ಬೆರಳು ಮಾತ್ರ ಒಳಬದಿಯಲ್ಲೇ ಇರುತ್ತದೆ, ಗಮನಿಸಿದಿರಾ?

ಮೂಗಿನಿಂದ ಹೊಕ್ಕುಳದ ಮೇಲೆ ಹಾದು ನೇರವಾಗಿ ಒಂದು ಗೆರೆ ಎಳೆದಂತೆ ಭಾವಿಸಿ. ಆ ನಡುಗೆರೆಯ ಕಡೆಗಿರುವುದು ಮೀಡಿಯಲ್, ಅದರಿಂದ ದೂರದ ಬದಿ ಲ್ಯಾಟರಲ್. ದೇಹದ ಮುಂಬದಿ ಆಂಟೀರಿಯರ್, ಹಿಂಬದಿ ಪೋಸ್ಟೀರಿಯರ್. ಕೈಕಾಲುಗಳಲ್ಲಿ ಬುಡದ ಕಡೆ ಪ್ರಾಕ್ಸಿಮಲ್, ತುದಿಯ ಕಡೆ ಡಿಸ್ಟಲ್. ಅಜ್ಜನ ಮಂಡಿಯ ಸ್ಕ್ಯಾನ್ ವರದಿಯಲ್ಲಿ "ಮೀಡಿಯಲ್" ಎಂದಿದ್ದರೆ ಇನ್ನೊಂದು ಮಂಡಿಯ ಕಡೆಗಿರುವ ಬದಿ ಎಂದು ನೀವೇ ಬಿಡಿಸಿ ಹೇಳಬಹುದು.

ಇನ್ನು ಎಡ-ಬಲ. ಇದು ಯಾವಾಗಲೂ ದೇಹದ ಯಜಮಾನನದು, ನೋಡುವವರದಲ್ಲ. ಎದೆಯ ಎಕ್ಸ್‌ರೇ ನೋಡುವಾಗ ರೋಗಿ ನಮಗೆ ಎದುರಾಗಿ ನಿಂತಂತೆ ಹಿಡಿಯುತ್ತಾರೆ. ಅವರ ಬಲ ನಮ್ಮ ಎಡಕ್ಕೆ ಬರುತ್ತದೆ. ಗೊಂದಲ ಬೇಡವೆಂದೇ ಫಿಲ್ಮಿನ ಮೇಲೆ "ಆರ್" ಅಥವಾ "ಎಲ್" ಗುರುತು ಹಾಕುತ್ತಾರೆ. 2008ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಶಸ್ತ್ರಚಿಕಿತ್ಸೆಗೆ ಒಂದು ತಪಾಸಣಾ ಪಟ್ಟಿ ಕೊಟ್ಟಿತು. ಅರಿವಳಿಕೆಗೆ ಮೊದಲೇ ರೋಗಿಯಿಂದ ಜಾಗವನ್ನು ಖಚಿತ ಮಾಡಿಕೊಳ್ಳಬೇಕು, ಗುರುತು ಹಾಕಿದೆಯೇ ನೋಡಬೇಕು ಎಂದು ಅದರಲ್ಲಿದೆ. ಹಿರಿಯರೇ, ಪೊರೆ ತೆಗೆಸಲು ಹೋದಾಗ "ಯಾವ ಕಣ್ಣು?" ಎಂದು ಮೂರು ಮಂದಿ ಕೇಳಿದರೆ ಸಿಡುಕಬೇಡಿ. ಮೂರು ಸಲವೂ ಬಾಯಿ ಬಿಟ್ಟು ಹೇಳಿ.

"ಹೊಟ್ಟೆ ನೋವು" ಎಂಬುದೂ ಅರ್ಧ ಮಾತೇ. ಅಪೆಂಡಿಕ್ಸ್ ಊದಿಕೊಂಡಾಗ ನೋವು ಸಾಮಾನ್ಯವಾಗಿ ಹೊಕ್ಕುಳದ ಸುತ್ತ ಶುರುವಾಗಿ, ಕೆಲವು ಗಂಟೆಗಳಲ್ಲಿ ಬಲಗಡೆಯ ಕಿಬ್ಬೊಟ್ಟೆಗೆ ಇಳಿಯುತ್ತದೆ. ಬಲ ಸೊಂಟದ ಮುಂದೆ ಕೈಗೆ ಸಿಗುವ ಮೂಳೆಯಿಂದ ಹೊಕ್ಕುಳಕ್ಕೆ ಗೆರೆ ಎಳೆದು ಮೂರು ಪಾಲು ಮಾಡಿ. ಮೂಳೆಯ ಕಡೆಯಿಂದ ಮೊದಲ ಪಾಲು ಮುಗಿಯುವ ಜಾಗವನ್ನು ಅಮೆರಿಕದ ವೈದ್ಯ ಚಾರ್ಲ್ಸ್ ಮೆಕ್‌ಬರ್ನಿ 1889ರಲ್ಲಿ ಗುರುತಿಸಿದರು. ಇಂದಿಗೂ ಡಾಕ್ಟರು ಅಲ್ಲಿ ಒತ್ತಿ ನೋಡುತ್ತಾರೆ. ಆದ್ದರಿಂದ ನೋವು ಎಲ್ಲಿ ಶುರುವಾಯಿತು, ಈಗ ಎಲ್ಲಿಗೆ ಸರಿದಿದೆ, ಎರಡನ್ನೂ ಹೇಳಬೇಕು.

ಹೃದಯದ ನೋವಂತೂ ಎದೆಯಲ್ಲೇ ಇರಬೇಕೆಂದಿಲ್ಲ. ಎಡತೋಳು, ದವಡೆ, ಬೆನ್ನು, ಹೊಟ್ಟೆಯ ಮೇಲ್ಭಾಗದಲ್ಲೂ ಕಾಣಿಸಿಕೊಳ್ಳಬಹುದು. ಅಜ್ಜನಿಗೆ ಎದೆ ಹಿಂಡಿದಂತಾಗಿ ಬೆವರು ಬಂದರೆ "ಗ್ಯಾಸ್ ಇರಬೇಕು" ಎಂದು ಕಾಯದೆ ದೊಡ್ಡವರನ್ನು ಕೂಗಿ, 108ಕ್ಕೆ ಫೋನ್ ಮಾಡಿ.

ಈ ವಾರದ ಆಟ: ಅಜ್ಜ-ಅಜ್ಜಿ ತಮ್ಮ ಮೈಮೇಲಿನ ಒಂದು ಮಚ್ಚೆಯ ಜಾಗವನ್ನು ಬೆರಳು ತೋರಿಸದೆ ಮಾತಿನಲ್ಲಿ ಹೇಳಲಿ. "ಬಲಗೈ, ಮಣಿಕಟ್ಟಿನಿಂದ ಎರಡು ಬೆರಳು ಮೇಲೆ, ಹಿಂಬದಿ, ಕಿರುಬೆರಳ ಕಡೆ." ನೀವು ಹುಡುಕಬೇಕು. ಸಿಕ್ಕರೆ ನಿಮಗೊಂದು ಅಂಕ, ಹೇಳಿದವರಿಗೆ ಎರಡು!